ಜನವರಿ ಒಂದರಂದು ಹುಟ್ಟಿದ ಇಬ್ಬರು

ನಾನು ಬರೆದ ಐದು ಸಾಲಿನ ಕೋಡಿನಿಂದ ಒಬ್ಬ ಹೆಂಗಸಿನ ಒಂದು ಕಣ್ಣು ಹೋಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರಾಯಿತು ಎಂದು ಬಿಟ್ಟರೆ ನಾನು ಎಲ್ಲಾದರೂ ಜಾರಿಕೊಳ್ಳುವವಳೇ.

ದಾಂಡೇಲಿಯ ಅಂಬೇವಾಡಿಯಲ್ಲಿ ನನ್ನದೊಂದು ಕಂಪ್ಯೂಟರ್ ಕ್ಲಾಸಿದೆ. ಜೊತೆಗೆ ಸುತ್ತಲಿನ ಸಣ್ಣಪುಟ್ಟ ಆಫೀಸುಗಳಿಗೆ ಸಾಫ್ಟ್‌ವೇರ್ ಬರೆದುಕೊಡುತ್ತೇನೆ. ಹಳ್ಳಿಗಳಲ್ಲಿ ಕಣ್ಣಿನ ಶಿಬಿರ ನಡೆಸುವ ಹಳಿಯಾಳದ ಒಂದು ಪುಟ್ಟ ಸಂಸ್ಥೆಗೂ ಹಾಗೆಯೇ ಬರೆದುಕೊಟ್ಟೆ. ಪೊರೆ ಬಂದವರ ಹೆಸರು ಬರೆದುಕೊಳ್ಳುವುದು, ಪಟ್ಟಿ ಮಾಡುವುದು, ಗಾಡಿ ಕಳಿಸಿ ಆಪರೇಷನ್ನಿಗೆ ಕರೆಸುವುದು ಅವರ ಕೆಲಸ. ಹಳಿಯಾಳದಲ್ಲಿ ಹೆಸರು ಕೊಟ್ಟವರೇ ಮುಂಡಗೋಡದ ಶಿಬಿರಕ್ಕೂ ಹೋಗಿ ಇನ್ನೊಮ್ಮೆ ಕೊಡುತ್ತಿದ್ದರು. ಒಬ್ಬರಿಗೇ ಎರಡು ಸೀಟು ಹಿಡಿದಿಟ್ಟು, ಗಾಡಿಯಲ್ಲಿ ಒಂದು ಖಾಲಿ ಉಳಿಯುತ್ತಿತ್ತು. ಅದಕ್ಕೆ ನಾನೊಂದು ನಿಯಮ ಹಾಕಿದೆ. ಹೆಸರು, ಊರು, ಹುಟ್ಟಿದ ತಾರೀಖು ಮೂರೂ ಒಂದೇ ಆಗಿದ್ದರೆ ಇಬ್ಬರಲ್ಲ, ಒಬ್ಬರೇ. ಒಂದನ್ನು ಅಳಿಸು.

ಪರೀಕ್ಷೆ ಮಾಡಿದೆನೇ? ಮಾಡಿದೆ. ಹತ್ತು ಹೆಸರು ತಲೆಯಿಂದ ಹುಟ್ಟಿಸಿ, ಒಬ್ಬೊಬ್ಬರಿಗೂ ಚೆಂದದ ಬೇರೆ ಬೇರೆ ತಾರೀಖು ಕೊಟ್ಟು, ಒಂದು ಹೆಸರನ್ನು ಬೇಕೆಂದೇ ಎರಡು ಸಲ ಹಾಕಿದೆ. ಎರಡನೆಯದು ಮಾಯವಾಯಿತು. ನನಗೆ ನಾನೇ ಶಭಾಷ್ ಅಂದುಕೊಂಡು ಚಹಾ ಕುಡಿದೆ.

ನಮ್ಮ ಕಡೆ ಶಾಲೆಗೆ ಹೋದವರೆಲ್ಲ ಜೂನ್ ಒಂದಕ್ಕೆ ಹುಟ್ಟಿದವರು, ಹೋಗದವರೆಲ್ಲ ಜನವರಿ ಒಂದಕ್ಕೆ. ಹೆಡ್ ಮಾಸ್ತರರು ಹಾಕಿದ್ದು ಜೂನ್, ಗುರುತಿನ ಕಾರ್ಡು ಮಾಡುವವರು ಹಾಕಿದ್ದು ಜನವರಿ. ವರ್ಷವೂ ಅಷ್ಟೇ, 'ಅರವತ್ತು ಅಂತ ಬರಕೋರಿ' ಎಂದರೆ ಅರವತ್ತು. ಇದು ನನಗೆ ಗೊತ್ತಿರಲಿಲ್ಲ ಎನ್ನಲು ಬಾಯಿ ಬರುವುದಿಲ್ಲ. ನನ್ನ ಮಾರ್ಕ್ಸ್ ಕಾರ್ಡಿನಲ್ಲೇ ಜೂನ್ ಒಂದಿದೆ. ನಾನು ಹುಟ್ಟಿದ್ದು ದೀಪಾವಳಿ ಹೊತ್ತಿಗೆ.

ಆ ಸಂಸ್ಥೆಯ ನರ್ಸ್ ಬಾಯಿಯವರು ಅನುಭವಸ್ಥರು. ಕೆಲಸ ಮುಗಿಸಿ ಹೊರಟಾಗ ಬಾಗಿಲ ಬಳಿ ನಿಲ್ಲಿಸಿ ಕೇಳಿದರು:

"ಮೇಡಂ, ಎರಡ ಹೆಸರು ಒಬ್ಬರದ ಅಂತ ಅದಕ್ಕ ಹೆಂಗ ತಿಳಿತೈತಿ? ಒಂದ ಹಾಳ್ಯಾಗ ಬರದ ಕೊಡ್ರಿ, ಗ್ವಾಡಿಗೆ ಅಂಟಸ್ತೇನಿ."

ನನಗೆ ಸಿಟ್ಟು ಬಂತು. ಕೋಡು ಬರೆದವಳು ನಾನು, ಇವರಿಗೆ ಯಾಕೆ ಈ ಉಸಾಬರಿ? ಅದೆಲ್ಲ ಕಂಪ್ಯೂಟರ್ ನೋಡಿಕೊಳ್ಳುತ್ತದೆ ಎಂದು ಹೇಳಿ ಬಸ್ಸಿಗೆ ಓಡಿದೆ. ಆ ಒಂದು ಹಾಳೆ ಬರೆಯಲು ಹತ್ತು ನಿಮಿಷ ಸಾಕಿತ್ತು. ಗೋಡೆಯ ಮೇಲೆ ನಿಯಮ ಓದಿದ ದಿನವೇ ನರ್ಸ್ ಬಾಯಿಯವರು ನಕ್ಕುಬಿಡುತ್ತಿದ್ದರು, ಜನವರಿ ಒಂದರ ಕಥೆ ನನಗೇ ಹೇಳುತ್ತಿದ್ದರು.

ಹಳಿಯಾಳದ ಆಚೆ ಕಾಡಂಚಿನ ಒಂದು ಕೇರಿಯಲ್ಲಿ ಒಂದೇ ಹೆಸರಿನ ಇಬ್ಬರು ಹೆಂಗಸರಿದ್ದರು. ಇಬ್ಬರಿಗೂ ಅರವತ್ತು, ಇಬ್ಬರೂ ಜನವರಿ ಒಂದರವರು, ಇಬ್ಬರಿಗೂ ಪೊರೆ. ಗಾಡಿ ಬಂದ ದಿನ ಒಬ್ಬರು ಹತ್ತಿ ಕುಳಿತರು. ಇನ್ನೊಬ್ಬರು ಸೀರೆ ಗಂಟು ಹಿಡಿದು ನಿಂತಿದ್ದರು. ಆ ಹೆಸರು ಒಂದೇ ಸಲ ಇದೆ ಎಂದು ಡ್ರೈವರ್ ಪಟ್ಟಿ ತೋರಿಸಿದ. ಅವರು ಜಗಳ ಮಾಡಲಿಲ್ಲ, ಮನೆಗೆ ಹೋದರು. ಮುಂದಿನ ಶಿಬಿರದಲ್ಲಿ ಮತ್ತೆ ಹೆಸರು ಬರೆಸಿದರು. ಆಪರೇಷನ್ ಆದವರ ಹೆಸರೂ ಪಟ್ಟಿಯಲ್ಲೇ ಉಳಿದಿದ್ದರಿಂದ ನನ್ನ ಕೋಡು ಮತ್ತೆ ಅಳಿಸಿತು. ಮಳೆಗಾಲ ಕಳೆದ ಮೇಲೆ ಮೂರನೆಯ ಸಲವೂ ಅಳಿಸಿತು. ಅಳಿಸಿದ್ದನ್ನು ಎಲ್ಲಾದರೂ ಬರೆದಿಡು ಎಂದು ನಾನು ಅದಕ್ಕೆ ಹೇಳಿರಲೇ ಇಲ್ಲ, ಹಾಗಾಗಿ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಬೇರೆ ಕೆಲಸಕ್ಕೆ ಆ ಕೇರಿಗೆ ಹೋದ ನರ್ಸ್ ಬಾಯಿಯವರೇ ಅವರನ್ನು ಕೈಹಿಡಿದು ಆಸ್ಪತ್ರೆಗೆ ಕರೆದೊಯ್ದರು. ಒಂದು ಕಣ್ಣಿನ ಪೊರೆ ಹಣ್ಣಾಗಿ, ಕಣ್ಣೊಳಗೆ ಒತ್ತಡ ಏರಿ, ನೋಟದ ನರವೇ ಸತ್ತಿತ್ತು. ಇನ್ನೊಂದು ಉಳಿಯಿತು.

ಈಗ ಕ್ಲಾಸಿನಲ್ಲಿ ಹುಡುಗಿಯರಿಗೆ ಹೇಳುತ್ತೇನೆ, ಪರೀಕ್ಷೆಯ ಹೆಸರುಗಳನ್ನು ತಲೆಯಿಂದ ಹುಟ್ಟಿಸಬೇಡಿ, ಆಫೀಸಿನ ಹಳೆಯ ರಿಜಿಸ್ಟರು ತೆಗೆಸಿ ನೋಡಿ ಎಂದು. ಕೋಡು ಏನು ಮಾಡುತ್ತದೆ ಎಂಬುದು ಓದಿದರೆ ತಿಳಿದೀತು, ಯಾಕೆ ಹಾಗೆ ಮಾಡುತ್ತದೆ ಎಂಬುದನ್ನು ನೀವೇ ಬರೆಯಬೇಕು, ಅದೂ ದಿನಾ ಅದನ್ನು ಬಳಸುವವರಿಗೆ ತಿಳಿಯುವ ಮಾತಿನಲ್ಲಿ. ಯಾವುದನ್ನೂ ಸುಮ್ಮನೆ ಅಳಿಸಬೇಡಿ, ಅನುಮಾನ ಬಂದರೆ ಮನುಷ್ಯರನ್ನು ಕೇಳುವಂತೆ ಬರೆಯಿರಿ. ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಅವರು ಕೇಳಿಲ್ಲ, ನಾನೂ ಹೇಳಿಲ್ಲ.

ಕೋಡು ತಿದ್ದಿದ ಮೇಲೆ ನರ್ಸ್ ಬಾಯಿಯವರ ಜೊತೆ ಆ ಕೇರಿಗೆ ಹೋಗಿದ್ದೆ. ಆ ತಾಯಿ ಅಂಗಳದಲ್ಲಿ ಕೌದಿ ಹೊಲಿಯುತ್ತಿದ್ದರು. ಉಳಿದ ಕಣ್ಣಿನ ಹತ್ತಿರಕ್ಕೆ ಬಟ್ಟೆ ಹಿಡಿದು, ಮುಖ ಓರೆ ಮಾಡಿಕೊಂಡು. ಆಫೀಸಿನಿಂದ ಬಂದವಳು ಎಂದಷ್ಟೇ ತಿಳಿದು ನನಗೆ ಚಾಪೆ ಹಾಸಿದರು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಕೇಳಿದರು:

"ಮೂರ ಸಲ ಬರಸಿದ್ನಿ ಅಕ್ಕಾರ. ನಾ ಏನರ ತಪ್ಪ ಬರಸಿದ್ನೇನು?"

ತಪ್ಪು ಮಾಡಿದವಳು ನಾನು ಎಂದು ಹೇಳುವುದಕ್ಕೇ ಅಷ್ಟು ದೂರ ಹೋಗಿದ್ದೆ. ಬಾಯಿಂದ ಬಂದದ್ದು, ಕಂಪ್ಯೂಟರಿನಲ್ಲಿ ಏನೋ ತಪ್ಪಾಗಿತ್ತು ಎಂಬ ಮಾತು. ನರ್ಸ್ ಬಾಯಿಯವರು ನನ್ನತ್ತ ನೋಡದೆ ಬೇರೆ ಕಡೆ ನೋಡಿದರು.

"ಹೋಗ್ಲಿ ಬಿಡ್ರಿ," ಎಂದರು ಆ ತಾಯಿ, "ಅದಕ್ಕೇನ ಗೊತ್ತಾಗತೈತಿ ಪಾಪ."