ಆಷಾಢದ ಸ್ಕೂಟರು

ಬೆಲೆ ಇಷ್ಟು ಏರಿತು, ಇಷ್ಟು ಇಳಿಯಿತು ಎಂದು ಟಿವಿಯಲ್ಲಿ ಹೇಳುತ್ತಾರಲ್ಲ, ಅದಕ್ಕಾಗಿ ಅಂಗಡಿ ಅಂಗಡಿ ಅಲೆದು ಚಪ್ಪಲಿ ಸವೆಸಿದವರಲ್ಲಿ ನಾನೂ ಒಬ್ಬ. ಸರ್ಕಾರದ ಬೆಲೆ ಲೆಕ್ಕಕ್ಕಾಗಿ ತಿಂಗಳಿಗೊಮ್ಮೆ ಮಂಡ್ಯ, ಮದ್ದೂರು, ಮಳವಳ್ಳಿಯ ಶೋರೂಮುಗಳಿಗೆ ಹೋಗಿ ಹೊಸ ಗಾಡಿಗಳ ಬೆಲೆ ಕೇಳಿ ಬರೆದುಕೊಳ್ಳುವುದು ನನ್ನ ಕೆಲಸವಾಗಿತ್ತು. ಪ್ರತಿಸಲವೂ ಅದೇ ಅಂಗಡಿ, ಅದೇ ಮಾಡೆಲ್ಲು, ಬದಲಾಯಿಸುವ ಹಾಗಿಲ್ಲ. ಈಗ ಆ ತಿರುಗಾಟ ಬಿಟ್ಟು ಕಚೇರಿಯಲ್ಲಿ ಕೂತಿದ್ದೇನೆ. ಆದರೂ ಹೊಸ ಟೈರಿನ ವಾಸನೆ ಮೂಗಿಗೆ ಬಡಿದರೆ ಸಾಕು, ಆ ದಿನಗಳು ನೆನಪಾಗುತ್ತವೆ.

ಮಂಡ್ಯದ ಶೋರೂಮಿನ ಮಾಲೀಕ ಸಾಹೇಬರು ಮೊದಲು ಮೆಕ್ಯಾನಿಕ್ ಆಗಿದ್ದವರು. ನನ್ನನ್ನು ಕಂಡೊಡನೆ ಟೀ ತರಿಸಿ, "ವರ್ಷಗಟ್ಲೆ ಇದೇ ಸ್ಕೂಟರ್ ರೇಟು ಕೇಳ್ತಾ ಇದೀರಲ್ಲ ಸಾರ್, ಹೆಣ್ಣು ನೋಡಿ ನೋಡಿ ಒಪ್ಪದೇ ಇರೋ ಗಂಡಿನ ಥರ" ಎಂದು ರೇಗಿಸುವರು.

ಆ ಸ್ಕೂಟರು ನಿಜಕ್ಕೂ ಬೇಕಿದ್ದದ್ದು ನನ್ನ ಹೆಂಡತಿಗೆ. ಅವಳು ಬಸರಾಳು ದಾರಿಯ ಹಳ್ಳಿಯೊಂದರಲ್ಲಿ ಟೀಚರು. ಅವಳ ತಾಯಿ ಲಕ್ವ ಹೊಡೆದು ಬಸರಾಳಿನಲ್ಲಿ ಮಗನ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಹೋದರೆ ಮಂಡ್ಯದ ನಮ್ಮ ಮನೆಗೆ ವಾಪಸ್ ಬರಲು ಬಸ್ಸಿಲ್ಲ. ಭಾನುವಾರಕ್ಕೊಮ್ಮೆ ಹೋಗಿ ಬರುವಳು.

"ಒಂದು ಸ್ಕೂಟರ್ ಇದ್ದಿದ್ರೆ ದಿನಾ ಸಂಜೆ ಅವ್ವನ ಮಕ ನೋಡ್ಕೊಂಡು ಬತ್ತಿದ್ದೆ ಕಣ್ರೀ" ಎನ್ನುವಳು.

ನಾನು ಜಿಪುಣನಲ್ಲ, ದೇವರಾಣೆ. ನನ್ನ ರೋಗವೇ ಬೇರೆ. ಹೋದ ತಿಂಗಳ ಬೆಲೆ ಬಾಯಿಪಾಠ ಇರುವವನಿಗೆ ಈ ತಿಂಗಳ ಬೆಲೆ ಕೊಡಲು ಕೈ ಬರುವುದಿಲ್ಲ. ನಮ್ಮ ಕಡೆ ಆಷಾಢದಲ್ಲಿ ಯಾರೂ ಹೊಸ ಗಾಡಿ ಮನೆಗೆ ತರುವುದಿಲ್ಲ. ಶೋರೂಮುಗಳು ಬಿಕೋ ಎನ್ನುತ್ತವೆ, ಅದಕ್ಕೇ ಬೆಲೆ ಇಳಿಸುತ್ತಾರೆ. ಆಗಲೇ ತಂದುಬಿಡೋಣ ಎಂದರೆ ನನ್ನ ಅವ್ವ, "ಆಸಾಡದಲ್ಲಿ ಗಾಡಿ ತಂದೀಯಾ? ಒಳಕ್ಕೆ ಸೇರ್ಸಕ್ಕಿಲ್ಲ ಕಣ್ಲಾ" ಎಂದು ಬಾಗಿಲಿಗೆ ಅಡ್ಡ ನಿಲ್ಲುವಳು. ಶ್ರಾವಣ ಬಂತೆಂದರೆ ಬೆಲೆ ಮತ್ತೆ ಮೇಲಕ್ಕೆ. ಕಡಿಮೆ ಬೆಲೆಯನ್ನು ಕೈಯಾರೆ ಬರೆದವನು ಜಾಸ್ತಿ ಯಾಕೆ ಕೊಡಲಿ? "ಆಯುಧಪೂಜೆಗೆ ಆಫರ್ ಬತ್ತದೆ, ಸುಮ್ಕಿರಮ್ಮಿ" ಎನ್ನುತ್ತಿದ್ದೆ. ಆಯುಧಪೂಜೆಗೆ ಹೆಲ್ಮೆಟ್ಟೊಂದನ್ನು ಪುಕ್ಕಟೆ ಕೊಡುತ್ತಿದ್ದರು, ಅಷ್ಟೇ. ಹೀಗೆ ನಾಲ್ಕು ವರ್ಷ ಕಳೆದೆ.

ಐದನೆಯ ಆಷಾಢದಲ್ಲಿ ಎಂದಿನಂತೆ ಫಾರಂ ಹಿಡಿದು ಸಾಹೇಬರ ಶೋರೂಮಿಗೆ ಹೋದೆ. ನೋಡಿದರೆ ಅದೇ ಮಾಡೆಲ್ಲಿನ ಸ್ಕೂಟರಿನ ಮೇಲೆ ನನ್ನ ಹೆಂಡತಿ! ಸೀಟಿನ ಪ್ಲಾಸ್ಟಿಕ್ ಹರಿಯುತ್ತ ಕೂತಿದ್ದಳು. ವಾರದ ಹಿಂದೆಯೇ ದುಡ್ಡು ಕಟ್ಟಿದ್ದಳಂತೆ. ಜೊತೆಯ ಟೀಚರ ಗಾಡಿಯಲ್ಲಿ ಶಾಲೆ ಬಯಲಲ್ಲಿ ಓಡಿಸಲು ಕಲಿತು, ಲೈಸೆನ್ಸೂ ಮಾಡಿಸಿಕೊಂಡಿದ್ದಳಂತೆ. ಮನೆಯಲ್ಲಿ ನನಗೊಂದು ಸುಳಿವೂ ಇರಲಿಲ್ಲ.

"ಲೇ, ಆಷಾಢ ಕಣೇ! ಅವ್ವ ಸುಮ್ನೆ ಬುಡ್ತಾಳಾ?" ಎಂದೆ.

"ಆಷಾಢದಲ್ಲಿ ಹೆಣ್ಮಕ್ಕಳು ತೌರಿಗೆ ಹೋಗದು ಸಾಸ್ತ್ರ ತಾನೇ? ನಾನೂ ಹೋಯ್ತಾ ಇವ್ನಿ. ಗಾಡಿ ನಿಮ್ಮ ಮನೆಗೆ ಬರಕ್ಕಿಲ್ಲ ಅಂತ ಅತ್ತೆಗೆ ಹೇಳ್ಬುಡಿ. ಶ್ರಾವಣದವರೆಗೂ ನಮ್ಮವ್ವನ ಜೊತೆಲೇ ಇರ್ತದೆ" ಎಂದಳು.

ಆ ಶಾಸ್ತ್ರ ಹೊಸದಾಗಿ ಮದುವೆಯಾದವರಿಗೆ. ನಮ್ಮದಾಗಿ ಹನ್ನೆರಡು ವರ್ಷವಾಗಿತ್ತು. ಸಾಹೇಬರು ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿ, "ಈ ತಿಂಗಳ ರೇಟು ಮೇಡಂನೇ ಕೇಳಿ ಬರ್ಕೊಳ್ಳಿ ಸಾರ್" ಎಂದರು. ಅವಳು ಮಕ್ಕಳಿಗೆ ಉಕ್ತಲೇಖನ ಕೊಡುವ ಹಾಗೆ ಬಿಡಿಬಿಡಿಯಾಗಿ ಹೇಳಿದಳು. ನಾನು ಸಿಟ್ಟಿನಲ್ಲೇ ಬರೆದುಕೊಂಡೆ.

ಆ ತಿಂಗಳು ಪೂರ್ತಿ ಅವಳು ಬಸರಾಳಿನಿಂದಲೇ ಶಾಲೆಗೆ ಹೋಗಿ ಬಂದಳು. ಸಂಜೆ ತಾಯಿಯ ತಲೆ ಬಾಚಿ, ಅಂಬಲಿ ಕುಡಿಸಿ, ಶಾಲೆಯ ಸುದ್ದಿಯನ್ನೆಲ್ಲ ಹೇಳುತ್ತಿದ್ದಳಂತೆ. ಒಂದು ಭಾನುವಾರ ನಾನು ಹೋದಾಗ ಅವರನ್ನು ಎತ್ತಿ ತಂದು ಜಗಲಿಯ ಮೇಲೆ ಕೂರಿಸಿದ್ದರು. ಅವರು ಪಕ್ಕದಲ್ಲೇ ನಿಲ್ಲಿಸಿದ್ದ ಸ್ಕೂಟರಿನ ಕನ್ನಡಿಯಲ್ಲಿ ಮುಖ ನೋಡಿಕೊಂಡು, "ಅಯ್, ನಾನು ಇಂಗಾಗೋಗಿವ್ನಾ!" ಎಂದು ಸೊಟ್ಟ ಬಾಯಲ್ಲೇ ನಕ್ಕರು. ಮಗಳೂ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು.

ಶ್ರಾವಣಕ್ಕೆ ಇನ್ನೆರಡು ದಿನ ಇರುವಾಗ ಆ ತಾಯಿ ಮಗಳ ತೊಡೆಯ ಮೇಲೆ ತಲೆಯಿಟ್ಟು ತೀರಿಕೊಂಡರು. ತಿಥಿ ಮುಗಿಸಿ ಹೆಂಡತಿ ಸ್ಕೂಟರಿನಲ್ಲಿ ಮಂಡ್ಯಕ್ಕೆ ಬಂದಾಗ, ಅಡ್ಡ ನಿಲ್ಲುತ್ತಿದ್ದ ನನ್ನ ಅವ್ವನೇ ಚಕ್ರದಡಿಗೆ ನಿಂಬೆಹಣ್ಣಿಟ್ಟು, ಸೊಸೆಯ ಕೈ ಹಿಡಿದು ಒಳಗೆ ಕರೆದುಕೊಂಡಳು.

ಆ ಒಂದು ತಿಂಗಳ ಸಂಜೆಗಳನ್ನು ಅವಳು ತಾನೇ ಸಂಪಾದಿಸಿಕೊಂಡಳು. ಅದರ ಹಿಂದಿನ ನಾಲ್ಕು ವರ್ಷದ ಸಂಜೆಗಳನ್ನು ತಪ್ಪಿಸಿದವನು ನಾನು. ಆ ಮಾತನ್ನು ಅವಳು ಇವತ್ತಿಗೂ ಒಂದು ಸಲವೂ ಎತ್ತಿಲ್ಲ.