ಪ್ರಿನ್ಸ್‌ನ ಸೊಟ್ಟ ಕಾಲು

ಠಣ್... ಸರ್ರ್... ನಾನು ಚಿಕ್ಕವಳಿದ್ದಾಗ, ಹೊನ್ನಾಳಿಯ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಕಲ್ಲುಹಾಸಿನ ಮೇಲೆ ಅಲ್ಯುಮಿನಿಯಂ ತಟ್ಟೆ ಜರುಗುವ ಸದ್ದಿನಿಂದ. ನಮ್ಮ ನಾಯಿಮರಿ ಪ್ರಿನ್ಸ್ ಹಾಲನ್ನ ತಿಂದು, ಖಾಲಿ ತಟ್ಟೆಯನ್ನು ನೆಕ್ಕುತ್ತಾ ನೆಕ್ಕುತ್ತಾ ಗೋಡೆಯವರೆಗೂ ತಳ್ಳಿಕೊಂಡು ಹೋಗುತ್ತಿದ್ದ.

ನಮ್ಮದು ಮಾಂಸ, ಮೊಟ್ಟೆ ಮುಟ್ಟದ ಮನೆ. ಬೀದಿಗೆ ಬಿಟ್ಟರೆ ಮರಿ ಎಲ್ಲಿ ಎಲುಬು ಕಚ್ಚಿಕೊಂಡು ಒಳಗೆ ಬರುತ್ತದೋ ಎಂದು ಅಜ್ಜಿಗೆ ಹೆದರಿಕೆ. ಅದಕ್ಕೇ ಹಗಲೆಲ್ಲ ಅವನನ್ನು ನಡುಮನೆಯ ಕತ್ತಲಲ್ಲಿ ಕಂಬಕ್ಕೆ ಕಟ್ಟಿರುತ್ತಿದ್ದೆವು. ಹೊಟ್ಟೆ ತುಂಬ ಹಾಲನ್ನ ಹಾಕುತ್ತೇವಲ್ಲ, ಇನ್ನೇನು ಬೇಕು ಎಂದುಕೊಂಡಿದ್ದೆವು. ಪೂರ್ ಥಿಂಗ್, ಮೈ ಬೆಳೆದಂತೆ ಅವನ ಮುಂಗಾಲುಗಳು ಬಿಲ್ಲಿನಂತೆ ಬಾಗಿದವು.

ನಾನು ಕಾನ್ವೆಂಟಿನ ಹಾಸ್ಟೆಲ್ಲಿನಿಂದ ಸಮ್ಮರ್ ಹಾಲಿಡೇಸ್‌ಗೆ ಬಂದ ದಿನ ಅವನು ಓಡಿಬರಲಿಲ್ಲ. ಮಲಗಿದಲ್ಲೇ ಬಾಲ ಬಡಿದ. ಅಂದೇ ಅಪ್ಪ ದನದ ಡಾಕ್ಟರನ್ನು ಕರೆಸಿದರು. ಅವರು ಕಾಲು ಒತ್ತಿದಾಗ ಪ್ರಿನ್ಸ್ ಕುಂಯ್ ಎಂದ.

"ಬೆಳೆಯೋ ಮರಿ ಕಣ್ರಿ. ಕ್ಯಾಲ್ಸಿಯಂ ಬೇಕು, ವಿಟಮಿನ್ ಬೇಕು. ಬಿಸಿಲಿಗೆ ಬಿಡ್ರಿ, ಮೊಟ್ಟೆ ಹಾಕ್ರಿ, ಒಂದೀಟು ಮೀನೆಣ್ಣೆ ಕುಡಿಸ್ರಿ" ಎಂದರು ಡಾಕ್ಟರು.

"ಲಿಂಗ ಕಟ್ಟಿಕೊಂಡೋರ ಮನೆಯಾಗೆ ಮೀನೆಣ್ಣೆನಾ? ನಾನು ಮಣ್ಣಾದ ಮ್ಯಾಲೆ ತರ್ರಿ!" ಅಜ್ಜಿ ಗದರಿದರು.

"ಹಂಗಾರೆ ಇದು ನಡೆಯಾದೇ ಬ್ಯಾಡೇನಜ್ಜಿ?" ಅಕ್ಕ ಪ್ರಿನ್ಸ್‌ನನ್ನು ಮಡಿಲಿಗೆ ಎಳೆದುಕೊಂಡಳು. ಕಣ್ಣು ಬಿಡದ ಮರಿಯನ್ನು ತಂದು ಸಾಕಿದವಳು ಅವಳೇ.

ಅಪ್ಪ ಅಜ್ಜಿಗೆ ಎದುರಾಡುವವರಲ್ಲ. ಸಂಜೆ, ಗೋವಿನಕೋವಿ ಹಳ್ಳಿಯಿಂದ ಭತ್ತ ತಂದಿದ್ದ ಎತ್ತಿನ ಗಾಡಿಯವರನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರು. ಅವರು ಪ್ರಿನ್ಸ್‌ನನ್ನು ಎತ್ತಿ ಗಾಡಿಯ ಹುಲ್ಲಿನ ಮೇಲೆ ಮಲಗಿಸಿದರು.

"ಅಳಬ್ಯಾಡವ್ವ. ನಮ್ಮನೆಯಾಗೆ ಬಿಸಿಲಿಗೂ ಬರ ಇಲ್ಲ, ಎಲುಬಿಗೂ ಬರ ಇಲ್ಲ. ಮುಂದಿನ ಸಲ ನಿಮ್ಮ ಪ್ರಿನ್ಸೇ ಗಾಡಿ ಎಳ್ಕೊಂಡು ಬರ್ತಾನೆ ನೋಡು" ಎಂದು ನಗಿಸಲು ನೋಡಿದರು. ಅಕ್ಕ ನಗಲಿಲ್ಲ. ಒಳಗಿನಿಂದ ತಟ್ಟೆ ತಂದು ಅವನ ಪಕ್ಕ ಇಟ್ಟಳು. ಮರುದಿನ ಬೆಳಿಗ್ಗೆ ಮನೆಯಲ್ಲಿ ಸದ್ದೇ ಇರಲಿಲ್ಲ.

ಮಕ್ಕಳೇ, ಈಗ ನೀವು ನಿಮ್ಮ ಪಪ್ಪಿಗೆ ಡಾಕ್ಟರ್ ಹೇಳಿದಷ್ಟು ಕ್ಯಾಲ್ಸಿಯಂ ಸಿರಪ್, ವಿಟಮಿನ್ ಡ್ರಾಪ್ಸ್ ಎಲ್ಲ ಹಾಕುತ್ತೀರಿ. ಟೆರೇಸಿನ ಬಿಸಿಲಲ್ಲಿ ಅದು ನಿಮ್ಮ ಜೊತೆ ಓಡುವಾಗ ನಾನು ಕಾಲುಗಳನ್ನೇ ನೋಡುತ್ತಾ ಕೂರುತ್ತೇನೆ. ಎಷ್ಟು ಸ್ಟ್ರೈಟ್! ನೋಡಲು ಅಕ್ಕ ಇರಬೇಕಿತ್ತು ಅನ್ನಿಸುತ್ತದೆ.

ಪ್ರಿನ್ಸ್‌ನನ್ನು ನಾವು ಕೊನೆಯ ಸಲ ಕಂಡಿದ್ದು ದಸರಾ ರಜೆಯಲ್ಲಿ, ಸಂತೆಯ ದಾರಿಯಲ್ಲಿ. ಅದೇ ಗಾಡಿಯ ಹಿಂದೆ ಬರುತ್ತಿದ್ದ. ಮೈ ತುಂಬಿಕೊಂಡಿತ್ತು. ಕಾಲು ಮಾತ್ರ ಸೊಟ್ಟಗೇ ಉಳಿದಿತ್ತು. ಅಕ್ಕ ಕೂಗಿದಾಗ ನಿಂತು, ಅವಳ ಬರಿಗೈಯನ್ನು ಮೂಸಿದ. ಅಷ್ಟರಲ್ಲಿ ಗಾಡಿ ಮುಂದೆ ಹೋಯಿತು. ಅವನು ತಿರುಗಿ, ಕುಂಟುತ್ತಾ, ಗಾಡಿಯ ನೆರಳು ಸೇರಿಕೊಂಡ. ಅಕ್ಕ ಚಾಚಿದ ಕೈಯನ್ನು ಹಾಗೇ ಹಿಡಿದುಕೊಂಡು ನಿಂತಿದ್ದಳು.