ಹೆಲ್ಮೆಟ್ಟಿಗೆ ವಿಭೂತಿ

ಇಂಗ್ಲಿಷ್ ಎಂ.ಎ. ಕೊನೆಯ ವರ್ಷದ ಪ್ರಬಂಧಕ್ಕೆ ನಾನು ಆರಿಸಿಕೊಂಡಿದ್ದು ಒಂದು ವಿಡಿಯೋ ಗೇಮ್ ಸರಣಿಗೆ ಸೇರಿದ ವೈಜ್ಞಾನಿಕ ಕಾದಂಬರಿ. ಸಿರುಗುಪ್ಪದ ಮನೆಯಲ್ಲಿ ಅಣ್ಣನ ಜೊತೆ ಕಿತ್ತಾಡಿಕೊಂಡು ಆ ಗೇಮ್ ಆಡಿ ಬೆಳೆದವಳು ನಾನು. ಕಾದಂಬರಿ ಸಿಕ್ಕಿದ್ದು ಬಳ್ಳಾರಿಯ ಕೌಲ್ ಬಜಾರಿನ ಹಳೇ ಪುಸ್ತಕದಂಗಡಿಯಲ್ಲಿ. ಗೇಮ್ ಶುರುವಾಗುತ್ತಲೇ ಸಾಯುವ ಒಬ್ಬ ಯೋಧೆ, ಅದಕ್ಕೂ ಮುಂಚೆ ಹೇಗೆ ಬದುಕಿದ್ದಳು ಎಂಬುದೇ ಅದರ ಕಥೆ.

ಬಳ್ಳಾರಿಯ ಕಾಲೇಜಿನಲ್ಲಿ ನನ್ನ ಗೈಡ್ ಆಗಿದ್ದ ಸರ್ ಮುಖಪುಟ ನೋಡಿಯೇ ಮೂಗು ಮುರಿದರು, ಕಥೆ ಹೇಳಿದ ಮೇಲೂ ಒಪ್ಪಲಿಲ್ಲ. “ಏನಮ್ಮಾ, ಸಾಹಿತ್ಯ ಬಿಟ್ಟು ಹುಡುಗಾಟ ಹಚ್ಚಿದಿ? ಆಕಿ ಸಾಯ್ತಾಳ ಅಂತ ಆಡಿದವ್ರಿಗೆಲ್ಲ ಗೊತ್ತೈತಿ. ಗೊತ್ತಿದ್ದ ಕಥಿ ಯಾರು ಓದ್ತಾರ? ಸೋಮವಾರ ಬ್ಯಾರೆ ವಿಷಯ ತಗೊಂಡು ಬಾ. ಇದಕ್ಕ ನಾನು ಸಹಿ ಹಾಕಂಗಿಲ್ಲ.” ಸಹಿ ಬೀಳದಿದ್ದರೆ ಪ್ರಬಂಧವಿಲ್ಲ, ಆ ವರ್ಷ ಪದವಿಯೂ ಇಲ್ಲ. ಮೈಯೆಲ್ಲ ಉರಿಯಿತು. ಆದರೂ ತೆಪ್ಪಗೆ ತಲೆಯಾಡಿಸಿ ಬಂದೆ.

ಭಾನುವಾರ ಬಾದನಹಟ್ಟಿಯ ಅಜ್ಜಿಯ ಮನೆಗೆ ಹೋದೆ. ಚೀಲದಲ್ಲಿದ್ದ ಪುಸ್ತಕ ನೋಡಿ ಅಜ್ಜಿ, “ಓದು, ಕೇಳ್ತೀನಿ” ಎಂದಳು. ಅಲ್ಲಿನ ಮಠದಲ್ಲಿ ಶ್ರಾವಣ ಬಂತೆಂದರೆ ಪುರಾಣ ಹಚ್ಚುತ್ತಾರೆ. ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ನಾನು ಎರಡನ್ನೂ ಮಾಡಬೇಕಾಯಿತು, ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳುವುದು. ಓದುವ ಮುನ್ನ ಅಜ್ಜಿ ರೂಢಿಯಂತೆ ಪುಸ್ತಕಕ್ಕೆ ವಿಭೂತಿ ಹಚ್ಚಿದಳು, ಅದೂ ಮುಖಪುಟದ ಯೋಧೆಯ ಹೆಲ್ಮೆಟ್ಟಿಗೇ, ಹಣೆ ಇರುವ ಜಾಗ ನೋಡಿ, ಮೂರು ಬೆರಳಲ್ಲಿ. ನನಗೆ ನಗು ತಡೆಯಲಾಗಲಿಲ್ಲ.

ಯೋಧೆ ಜನರನ್ನೆಲ್ಲ ಆಕಾಶನೌಕೆ ಹತ್ತಿಸಿ ತಾನು ಹಿಂದೆ ಉಳಿಯುವ ಅಧ್ಯಾಯ ನಡೆದಿತ್ತು. ಅಷ್ಟರಲ್ಲಿ ಬಳ್ಳಾರಿಗೆ ಮರಳಲು ನಾನು ಹಿಡಿಯಬೇಕಿದ್ದ ಕುರುಗೋಡು ಬಸ್ಸಿನ ಹೊತ್ತಾಯಿತು. “ಸಾಕಜ್ಜಿ, ಹೆಂಗೂ ಆಕಿ ಸಾಯ್ತಾಳ” ಎಂದು ಪುಸ್ತಕ ಮುಚ್ಚಿದೆ.

ಅಜ್ಜಿ ಕೆರಳಿದಳು. “ಸಾಯ್ತಾಳಂದ್ರ ನಡುವ ಬಿಟ್ಟು ಹೋಗ್ತೀಯೇನು? ಮಠದಾಗ ಕುಂತವ್ರಿಗೆ ಯಾರಿಗೆ ಕಥಿ ಗೊತ್ತಿಲ್ಲ? ಹಚ್ಚಿದ ಅಧ್ಯಾಯ ಮುಗಿಸೇ ಏಳಬೇಕು. ಕುಂದ್ರು!” ಕೂತೆ. ಬಸ್ಸು ಹೋಯಿತು. ಗೊತ್ತಿದ್ದ ಸಾವಿಗೇ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸರ್‌ಗೆ ಹೇಳಬೇಕಾದ ಉತ್ತರ ನನ್ನ ಕಣ್ಣೆದುರಿಗೇ ಕೂತಿತ್ತು.

ಸೋಮವಾರ ಅದೇ ಪುಸ್ತಕ, ಅದೇ ವಿಷಯ ಬರೆದ ಒಪ್ಪಿಗೆ ಫಾರಂ ಸರ್ ಮೇಜಿನ ಮೇಲಿಟ್ಟೆ. ವಿಭೂತಿ ನೋಡಿ ಅವರು ನಕ್ಕರು. “ಮೊದಲು ಇದನ್ನ ಒರಸು. ವಿಷಯ ಬದಲಿ ಮಾಡು ಅಂದಿದ್ದಿಲ್ಲೇನು?”

“ಒರಸಂಗಿಲ್ರಿ ಸರ್. ಬದಲೀನೂ ಮಾಡಂಗಿಲ್ಲ. ಒಂದು ಅಧ್ಯಾಯ ಕೇಳ್ರಿ, ಆಮ್ಯಾಲ ಮಾತಾಡ್ರಿ.”

ಅಲ್ಲೇ ನಿಂತು ಗಟ್ಟಿಯಾಗಿ ಓದತೊಡಗಿದೆ, ಒಂದು ಪ್ಯಾರಾ ಇಂಗ್ಲಿಷು, ಅದರ ಬೆನ್ನಿಗೇ ನಮ್ಮ ಕನ್ನಡ. ಬಾಗಿಲಲ್ಲಿ ನಮ್ಮ ಕ್ಲಾಸಿನವರು ಬಂದು ನಿಂತರು. ಮೊದಮೊದಲು “ಸಾಕಮ್ಮಾ, ಸಾಕು” ಎನ್ನುತ್ತಿದ್ದ ಸರ್ ಆಮೇಲೆ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಯೋಧೆ ಕೊನೆಯ ಮಗುವನ್ನು ಎತ್ತಿ ಒಳಗೆ ಕೊಡುವಾಗ ಅವರು ಫಾರಂ ಎಳೆದುಕೊಂಡು ಸಹಿ ಹಾಕಿದರು, ನನ್ನ ಮುಂದೆ ಹಿಡಿದರು.

ಕೈ ಚಾಚಲಿಲ್ಲ. ಅಧ್ಯಾಯ ಇನ್ನೂ ಮುಗಿದಿರಲಿಲ್ಲ. ಓದುತ್ತಲೇ ಇದ್ದೆ.